ಮಗುವಿನ ಬೆನ್ನನ್ನು ಗಮನಿಸಿದ ಹಕೀಮರು: ಅಬುಲ್ ಖಾಸಿಮ್ ಅಲ್-ಝಹ್ರಾವಿ

ಮುಸ್ಲಿಂ ವಿಜ್ಞಾನಿಗಳ ಹೆಸರು ಹೇಳಿ ಎಂದು ತರಗತಿಯಲ್ಲಿ ಕೇಳಿದರೆ ವಿದ್ಯಾರ್ಥಿಗಳು ತಕ್ಷಣ ಇಬ್ನ್ ಸೀನಾ ಎನ್ನುತ್ತಾರೆ. ಗಣಿತದವರು ಅಲ್-ಖ್ವಾರಿಝ್ಮಿ ಎನ್ನುತ್ತಾರೆ, ಭೌತಶಾಸ್ತ್ರ ಇಷ್ಟಪಡುವವರು ಇಬ್ನುಲ್ ಹೈಸಮ್ ಎನ್ನುತ್ತಾರೆ. ಅಲ್-ಝಹ್ರಾವಿಯವರ ಹೆಸರು ಬರುವುದು ಅಪರೂಪ. ಬಂದರೂ ಶಸ್ತ್ರಚಿಕಿತ್ಸೆಯ ಪಿತಾಮಹ ಎಂಬ ಒಂದು ಬಿರುದಿನೊಂದಿಗೆ ಮಾತು ಮುಗಿಯುತ್ತದೆ. ಬಿರುದು ನೆನಪಿಟ್ಟುಕೊಂಡರೆ ಕ್ವಿಜ್‌ನಲ್ಲಿ ಒಂದು ಅಂಕ ಬರಬಹುದು. ಆದರೆ ಅವರ ಬದುಕಿನಿಂದ ನಮಗೆ ಬೇಕಾದ ವಿಷಯ ಅದಕ್ಕಿಂತ ದೊಡ್ಡದು. ಮಗುವಿನ ಬೆನ್ನುಮೂಳೆ ಬಾಗಲು ಶುರುವಾಗುವಾಗ ಅದನ್ನು ಹೇಗೆ ಗುರುತಿಸಬೇಕು ಎಂದು ಸಾವಿರ ವರ್ಷಗಳ ಹಿಂದೆಯೇ ಅವರು ಬರೆದಿಟ್ಟಿದ್ದಾರೆ. ನಾನು ಜೀವಶಾಸ್ತ್ರ ಪಾಠ ಮಾಡುವವನು. ನನ್ನ ಊರು ಮುಳಬಾಗಿಲು ತಾಲ್ಲೂಕಿನ ಕುರುಡುಮಲೆ. ನಮ್ಮ ಊರಿನ ಒಂದು ಮಗುವಿನ ಕಾರಣದಿಂದ ಈ ಮಹಾನುಭಾವರ ಬದುಕನ್ನು ಮತ್ತೆ ಓದಿದೆ. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಅವರ ಪೂರ್ಣ ಹೆಸರು ಅಬುಲ್ ಖಾಸಿಮ್ ಖಲಫ್ ಇಬ್ನ್ ಅಬ್ಬಾಸ್ ಅಲ್-ಝಹ್ರಾವಿ. ಯುರೋಪಿನವರು ಅಬುಲ್ ಖಾಸಿಮ್ ಎಂಬುದನ್ನು ಅಲ್ಬುಕಾಸಿಸ್ ಎಂದು ಉಚ್ಚರಿಸಿದರು. ಅವರು ಹುಟ್ಟಿದ್ದು ಸುಮಾರು 936ರಲ್ಲಿ, ಇಂದಿನ ಸ್ಪೇನ್ ದೇಶದ ಕಾರ್ಡೊಬಾ ನಗರದ ಹತ್ತಿರ. ಆಗ ಆ ನಾಡಿಗೆ ಅಂದಲುಸ್ ಎಂದು ಹೆಸರು, ಕಾರ್ಡೊಬಾಕ್ಕೆ ಖುರ್ತುಬಾ ಎಂದು ಹೆಸರು. ಖಲೀಫ ಮೂರನೇ ಅಬ್ದುರ್ರಹ್ಮಾನ್ ಅದೇ ಸುಮಾರಿಗೆ ಖುರ್ತುಬಾದ ಪಶ್ಚಿಮಕ್ಕೆ ಮದೀನತುಝ್ಝಹ್ರಾ ಎಂಬ ಹೊಸ ರಾಜನಗರವನ್ನು ಕಟ್ಟಿಸತೊಡಗಿದ್ದರು. ಝಹ್ರಾವಿ ಎಂಬುದು ಆ ಊರಿನಿಂದ ಬಂದ ಹೆಸರು. ಅವರ ವಂಶದ ಮೂಲ ಮದೀನಾದ ಅನ್ಸಾರ್‌ಗಳು. ಆದ್ದರಿಂದ ಅಲ್-ಅನ್ಸಾರಿ ಎಂದೂ ಅವರನ್ನು ಕರೆಯುವುದುಂಟು.

ಅವರ ಬಾಲ್ಯ, ಗುರುಗಳು, ಮನೆಮಂದಿ, ಇವುಗಳ ಬಗ್ಗೆ ಚರಿತ್ರೆಕಾರರು ಬಹಳ ಕಡಿಮೆ ಬರೆದಿದ್ದಾರೆ. ರಾಜರ ವಂಶಾವಳಿಯನ್ನು ವಿವರವಾಗಿ ಬರೆದ ಕಾಲವು ಗಾಯ ಹೊಲಿಯುವವನ ಬದುಕನ್ನು ಬರೆದಿಡಲಿಲ್ಲ. ಅವರನ್ನು ನಾವು ತಿಳಿಯುವುದು ಅವರ ಪುಸ್ತಕದಿಂದಲೇ. ಅದರ ಹೆಸರು ಕಿತಾಬುತ್ತಸ್ರೀಫ್. ತಾನೇ ವೈದ್ಯಗ್ರಂಥಗಳನ್ನು ಸಂಗ್ರಹಿಸಿಕೊಳ್ಳಲಾಗದವನಿಗೆ ಒಂದೇ ಕಡೆ ಎಲ್ಲವನ್ನೂ ಜೋಡಿಸಿಕೊಟ್ಟ ಪುಸ್ತಕ ಎಂಬ ಅರ್ಥದ ಉದ್ದ ಹೆಸರು ಅದಕ್ಕಿದೆ. ಹಳ್ಳಿಯ ಮೂಲೆಯಲ್ಲಿ ಕುಳಿತ ವೈದ್ಯನಿಗೆ ದೊಡ್ಡ ಗ್ರಂಥಾಲಯ ಎಲ್ಲಿಂದ ಬರಬೇಕು? ಅಂಥವನನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಬರೆದರು. ಒಟ್ಟು 30 ಭಾಗಗಳು. ಕ್ರಿ.ಶ. 1000ದ ಸುಮಾರಿಗೆ ಅದು ಪೂರ್ಣಗೊಂಡಿತು. ಕಾಯಿಲೆ, ಔಷಧಿ, ಆಹಾರ, ಎಲ್ಲವೂ ಅದರಲ್ಲಿವೆ. ಕೊನೆಯ 30ನೇ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು.

ಆ ಕೊನೆಯ ಭಾಗದಲ್ಲಿ ಮೂರು ವಿಭಾಗಗಳಿವೆ. ಮೊದಲನೆಯದು ಕಾಸಿದ ಕಬ್ಬಿಣದಿಂದ ಸುಟ್ಟು ಮಾಡುವ ಚಿಕಿತ್ಸೆ. ಎರಡನೆಯದು ಕೊಯ್ಯುವುದು, ಚುಚ್ಚುವುದು, ಗಾಯ ಹೊಲಿಯುವುದು. ಮೂರನೆಯದು ಮುರಿದ ಮೂಳೆ ಮತ್ತು ತಪ್ಪಿದ ಕೀಲು. ಇವುಗಳ ಜೊತೆಗೆ ಸುಮಾರು 200 ಉಪಕರಣಗಳ ಚಿತ್ರಗಳಿವೆ. ಚಾಕು, ಕೊಕ್ಕೆ, ಗರಗಸ, ಇಕ್ಕಳ, ಹಲ್ಲಿನ ಕಿಟ್ಟ ಕೆರೆಯುವ ಉಪಕರಣ, ಹೀಗೆ ಒಂದೊಂದನ್ನೂ ಬಿಡಿಸಿ, ಯಾವುದನ್ನು ಯಾವುದಕ್ಕೆ ಬಳಸಬೇಕು ಎಂದು ಬರೆದಿದ್ದಾರೆ. ನಮ್ಮ ಕುರುಡುಮಲೆಯ ಸೋಮೇಶ್ವರ ದೇವಾಲಯದ ಕಲ್ಲುಕೆಲಸವನ್ನು ನೋಡಿದವರಿಗೆ ಒಳ್ಳೆಯ ಉಳಿಯ ಬೆಲೆ ಗೊತ್ತು. ಆದರೆ ಆ ಶಿಲ್ಪಿಗಳು ಹಿಡಿದ ಉಳಿ ಹೇಗಿತ್ತು ಎಂದು ತೋರಿಸುವ ಚಿತ್ರ ನಮ್ಮ ಬಳಿ ಇಲ್ಲ. ಝಹ್ರಾವಿಯವರು ತಮ್ಮ ಕೈಯ ವಿದ್ಯೆ ತಮ್ಮೊಂದಿಗೇ ಮಣ್ಣಾಗಬಾರದು ಎಂದು ಉಪಕರಣದ ಚಿತ್ರವನ್ನೇ ಬಿಟ್ಟುಹೋದರು. ಬೆರಳುಗಳ ನಡುವೆ ಅಡಗಿಸಿ ಹಿಡಿಯುವ ಒಂದು ಪುಟ್ಟ ಚಾಕುವೂ ಅವುಗಳಲ್ಲಿದೆ. ಕುರುವನ್ನು ಕೊಯ್ಯುವಾಗ ರೋಗಿಗೆ ಅಲಗು ಕಾಣಿಸದಿರಲಿ, ಅವರು ಹೆದರದಿರಲಿ ಎಂದು ಮಾಡಿದ ಚಾಕು ಅದು. ಅರಿವಳಿಕೆ ಇಲ್ಲದ ಕಾಲದಲ್ಲಿ ಇದು ಎಷ್ಟು ದೊಡ್ಡ ಕರುಣೆ ಎಂದು ಯೋಚಿಸಿ.

ಅವರ ಕಾಲಕ್ಕೆ ಶಸ್ತ್ರಚಿಕಿತ್ಸೆಗೆ ಗೌರವವಿರಲಿಲ್ಲ. ಓದಿದ ಹಕೀಮರು ನಾಡಿ ನೋಡಿ ಔಷಧಿ ಬರೆಯುತ್ತಿದ್ದರು, ಕೊಯ್ಯುವ ಕೆಲಸ ಓದು ಇಲ್ಲದವರ ಪಾಲಾಗಿತ್ತು. ತಮ್ಮ ನಾಡಿನಲ್ಲಿ ಈ ವಿದ್ಯೆ ಅಳಿದುಹೋಗುವ ಹಂತಕ್ಕೆ ಬಂದಿದೆ ಎಂದು ಅವರು ದುಃಖಪಟ್ಟರು. ದೇಹದ ಒಳರಚನೆ ತಿಳಿಯದವನು ಚಾಕು ಹಿಡಿಯಬಾರದು ಎಂಬುದು ಅವರ ಮೊದಲ ಪಾಠ. ಶಿಷ್ಯರನ್ನು ಮಕ್ಕಳೇ ಎಂದು ಕರೆಯುತ್ತಾ, ತಾವು ಕಂಡ ಅನಾಹುತಗಳನ್ನು ಅವರ ಮುಂದೆ ಇಟ್ಟರು. ಕತ್ತಿನ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳ ಕತ್ತರಿಸಿ ಒಬ್ಬ ಹೆಂಗಸಿನ ಪ್ರಾಣ ತೆಗೆದ ವೈದ್ಯನ ಕಥೆ ಅದರಲ್ಲಿದೆ. ಕಾಲಿನ ಮೂಳೆ ಮುರಿದು ಗಾಯವೂ ಆಗಿದ್ದ ಒಬ್ಬ ಹುಡುಗನ ಕಥೆಯೂ ಇದೆ. ಆ ಹುಡುಗನಿಗೆ ಒಬ್ಬ ವೈದ್ಯ ಗಾಯದ ಮೇಲೆಯೇ ದಬ್ಬೆ ಇಟ್ಟು ಬಿಗಿಯಾಗಿ ಕಟ್ಟಿ, ದಿನಗಟ್ಟಲೆ ಬಿಚ್ಚದೆ ಬಿಟ್ಟಿದ್ದ. ಕಾಲು ಊದಿಕೊಂಡಿತು. ಝಹ್ರಾವಿಯವರನ್ನು ಕರೆಸಿದರು. ಅವರು ಹೋದೊಡನೆ ಕಟ್ಟು ಬಿಚ್ಚಿಸಿದರು, ನೋವು ಇಳಿಯಿತು, ಆದರೆ ಕೊಳೆತ ಆಗಲೇ ಹಬ್ಬಿತ್ತು. ಹುಡುಗ ಉಳಿಯಲಿಲ್ಲ.

ಈ ಕಥೆ ನಮಗೆ ದೂರದ್ದಲ್ಲ. ನಮ್ಮ ಭಾಗದಲ್ಲಿ ಮೂಳೆ ಮುರಿದರೆ ಆಂಧ್ರದ ಪುತ್ತೂರಿಗೆ ಹೋಗಿ ಕಟ್ಟು ಹಾಕಿಸಿಕೊಂಡು ಬರುವುದು ತಲೆಮಾರುಗಳಿಂದ ನಡೆದುಬಂದಿದೆ. ಕಟ್ಟು ಎಲ್ಲಿ ಹಾಕಿಸಿದರೂ, ನಾಟಿ ವೈದ್ಯರಲ್ಲಾಗಲಿ ಆಸ್ಪತ್ರೆಯಲ್ಲಾಗಲಿ, ಝಹ್ರಾವಿಯವರ ಈ ಪಾಠ ನೆನಪಿರಲಿ: ಕಟ್ಟಿನ ಆಚೆಗಿನ ಬೆರಳು ತಣ್ಣಗಾದರೆ, ನೀಲಿಯಾದರೆ, ಮರಗಟ್ಟಿದರೆ, ತಡೆಯಲಾರದ ನೋವು ಬಂದರೆ, ಬೆಳಗಾಗಲಿ ಎಂದು ಕಾಯಬಾರದು. ತಕ್ಷಣ ವೈದ್ಯರ ಬಳಿ ಹೋಗಿ ಬಿಚ್ಚಿಸಬೇಕು.

ಅವರು ಗೆದ್ದ ಪ್ರಸಂಗಗಳೂ ಪುಸ್ತಕದಲ್ಲಿವೆ. ಕತ್ತಿಗೆ ಚಾಕುವಿನ ಗಾಯವಾಗಿ ಶ್ವಾಸನಾಳ ತೆರೆದುಕೊಂಡಿದ್ದ ಸೇವಕಿಯೊಬ್ಬಳನ್ನು ಅವರ ಬಳಿಗೆ ತಂದರು. ಗಾಯದಿಂದ ಗಾಳಿ ಬರುತ್ತಿತ್ತು, ಆದರೆ ದೊಡ್ಡ ರಕ್ತನಾಳ ತುಂಡಾಗಿಲ್ಲ ಎಂದು ಅವರು ಗಮನಿಸಿದರು. ಗಾಯವನ್ನು ಹೊಲಿದರು. ಹುಡುಗಿ ಗುಣಮುಖಳಾದಳು, ದನಿ ಸ್ವಲ್ಪ ಒರಟಾಯಿತು, ಅಷ್ಟೆ. ಉಸಿರು ಕಟ್ಟುವ ರೋಗಿಗೆ ಶ್ವಾಸನಾಳವನ್ನು ತೆರೆದರೆ ಸಾವು ಖಚಿತ ಎಂದು ಹೆದರಬೇಕಾಗಿಲ್ಲ ಎಂಬ ತೀರ್ಮಾನಕ್ಕೆ ಆ ಒಂದು ಪ್ರಸಂಗದಿಂದ ಬಂದರು. ಕಣ್ಣಾರೆ ಕಂಡದ್ದರಿಂದ ಕಲಿಯುವುದು ಅವರ ಸ್ವಭಾವ.

ಅದೇ ರೀತಿ ತಮ್ಮ ಕೈಲಾಗದ್ದನ್ನೂ ಅವರು ಮುಚ್ಚಿಡಲಿಲ್ಲ. ತಲೆಯಲ್ಲಿ ನೀರು ತುಂಬಿಕೊಂಡು, ದಿನದಿನಕ್ಕೆ ತಲೆ ದೊಡ್ಡದಾಗಿ, ಕುಳಿತುಕೊಳ್ಳಲೂ ಆಗದೆ ತೀರಿಕೊಂಡ ಮಗುವನ್ನು ಕಂಡಿದ್ದರು. ಅಂಥ ಮಕ್ಕಳಿಗೆ ತಾವು ಕೈ ಹಾಕದಿರುವುದೇ ಒಳ್ಳೆಯದೆಂದು ಬಿಟ್ಟಿದ್ದಾಗಿ ಬರೆದರು. ಅಪಾಯವೇ ಹೆಚ್ಚಿರುವ ಶಸ್ತ್ರಚಿಕಿತ್ಸೆಯನ್ನು ಹಣದಾಸೆಗೋ ಹೆಸರಿನಾಸೆಗೋ ಮಾಡಬೇಡಿ ಎಂದು ಶಿಷ್ಯರಿಗೆ ಎಚ್ಚರಿಕೆ ಕೊಟ್ಟರು.

ಈಗ ಬೆನ್ನಿನ ವಿಷಯ. ಸುಡುವ ಚಿಕಿತ್ಸೆಯ ವಿಭಾಗದಲ್ಲಿ ಗೂನು ಶುರುವಾಗುವ ಹಂತದ ಬಗ್ಗೆ ಒಂದು ಪುಟ್ಟ ಅಧ್ಯಾಯವಿದೆ. ಈ ಕಾಯಿಲೆ ಎಳೆಯ ಮಕ್ಕಳಿಗೆ ಹೆಚ್ಚಾಗಿ ಬರುತ್ತದೆ ಎಂದು ಅವರು ಹೇಳುತ್ತಾರೆ. ಅದರ ಮೊದಲ ಗುರುತುಗಳು ಎರಡು. ಮಗು ಎದ್ದು ನಿಂತಾಗ, ಓಡಾಡಿದಾಗ ಉಸಿರಾಟ ಕಷ್ಟವಾಗುತ್ತದೆ. ಬೆನ್ನನ್ನು ನೋಡಿದರೆ ಒಂದು ಮಣಿ ಉಳಿದ ಮಣಿಗಳಿಗಿಂತ ಎದ್ದು ಕಾಣಲು ಶುರುವಾಗಿರುತ್ತದೆ. ಎದೆಗೂಡು ಮತ್ತು ಬೆನ್ನುಮೂಳೆ ಒಂದೇ ಮನೆಯ ಗೋಡೆಗಳು ಎಂಬುದನ್ನು ಅವರು ಅರಿತಿದ್ದರು. 12 ಜೊತೆ ಪಕ್ಕೆಲುಬುಗಳೂ ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡಿವೆ. ಹಿಂದಿನ ಕಂಬ ವಾಲಿದರೆ ಮುಂದಿನ ಕೋಣೆ ಕಿರಿದಾಗುತ್ತದೆ, ಒಳಗಿರುವ ಶ್ವಾಸಕೋಶಕ್ಕೆ ಜಾಗ ಸಾಲುವುದಿಲ್ಲ. ಎಕ್ಸ್-ರೇ ಇಲ್ಲದ ಕಾಲದಲ್ಲಿ ಮಗುವಿನ ಏದುಸಿರನ್ನು ಕೇಳಿ ಬೆನ್ನನ್ನು ಮುಟ್ಟಿ ನೋಡಿದ ವೈದ್ಯರು ಇವರು.

ಚಿಕಿತ್ಸೆ ಏನು? ಎದ್ದ ಮಣಿಯ ಸುತ್ತ ಕಾಸಿದ ಕಬ್ಬಿಣದಿಂದ ಚುಕ್ಕೆ ಚುಕ್ಕೆಯಾಗಿ ಸುಡುವುದು. ಶೀತ ಮತ್ತು ತೇವದ ದೋಷದಿಂದ ಕಾಯಿಲೆ ಬರುತ್ತದೆ, ಬಿಸಿಯಿಂದ ಅದು ಒಣಗುತ್ತದೆ ಎಂಬುದು ಆ ಕಾಲದ ವೈದ್ಯಶಾಸ್ತ್ರದ ನಂಬಿಕೆ. ಮೂಳೆಯ ವಿಭಾಗದಲ್ಲಿ ಅವರು ಮತ್ತೊಂದು ಮಾತು ಸೇರಿಸಿದರು. ಬಿದ್ದು ಅಥವಾ ಪೆಟ್ಟು ತಗುಲಿ ಬೆನ್ನಿನ ಮಣಿ ಹಿಂದಕ್ಕೆ ಸರಿದಿದ್ದರೆ ಹಲಗೆಯ ಮೇಲೆ ಮಲಗಿಸಿ, ಪಟ್ಟಿಗಳಿಂದ ಎಳೆದು, ಒತ್ತಿ ಕೂರಿಸಬಹುದು. ಚಿಕ್ಕಂದಿನಿಂದಲೇ ಬಂದು ಗಟ್ಟಿಯಾದ ಗೂನಿಗೆ ಮಾತ್ರ ಚಿಕಿತ್ಸೆ ಇಲ್ಲ. ಹಳೆಯ ಗ್ರಂಥಗಳಲ್ಲಿ ಗೂನಿಗೆ ಬಗೆಬಗೆಯ ಉಪಾಯಗಳಿದ್ದವು. ಅವುಗಳಲ್ಲಿ ಬಹುಪಾಲು ಪ್ರಯೋಜನವಿಲ್ಲದವು ಎಂದು ಕಂಡು, ಉಪಯೋಗಕ್ಕೆ ಬರುವುದನ್ನಷ್ಟೇ ಚುಟುಕಾಗಿ ಬರೆದರು.

ಇಲ್ಲಿ ನಾವು ಎಚ್ಚರದಿಂದ ಓದಬೇಕು. ಅವರು ಗುರುತಿಸಿದ ಲಕ್ಷಣ ಇಂದಿಗೂ ಸರಿ. ಅವರು ಬಳಸಿದ ಬೆಂಕಿ ಇಂದು ಸರಿಯಲ್ಲ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ, ಹೊಟ್ಟೆ ಉಬ್ಬರಕ್ಕೆ ಮಕ್ಕಳಿಗೆ ಬರೆ ಹಾಕುವುದು ಇನ್ನೂ ಪೂರ್ತಿ ನಿಂತಿಲ್ಲ. ಅಷ್ಟು ದೊಡ್ಡ ಹಕೀಮರೇ ಸುಡುತ್ತಿದ್ದರಲ್ಲ ಎಂದು ಯಾರಾದರೂ ವಾದಿಸಬಹುದು. ಬರೆಯನ್ನು ಪ್ರವಾದಿ ಮುಹಮ್ಮದ್ (ಸ) ಇಷ್ಟಪಡಲಿಲ್ಲ ಎಂಬುದು ಹದೀಸ್‌ಗಳಲ್ಲೇ ಇದೆ. ಝಹ್ರಾವಿಯವರಿಗೆ ಗೌರವ ಕೊಡುವುದು ಎಂದರೆ ಅವರ ಕಬ್ಬಿಣವನ್ನು ಹಿಡಿಯುವುದಲ್ಲ. ಅವರಂತೆ ಮೊದಲೇ ಗಮನಿಸುವುದು, ಉಪಯೋಗವಿಲ್ಲದ ಚಿಕಿತ್ಸೆಯನ್ನು ಅವರಂತೆಯೇ ಬಿಟ್ಟುಬಿಡುವುದು.

ಅವರು ಕಂಡ ಮಕ್ಕಳಲ್ಲಿ ಅನೇಕರಿಗೆ ಇದ್ದದ್ದು ಬೆನ್ನುಮೂಳೆಯ ಕ್ಷಯವಿರಬಹುದು. ಮಣಿಯೊಂದು ಒಳಗಿನಿಂದ ಸವೆದು ಕುಸಿದಾಗ ಬೆನ್ನಿನಲ್ಲಿ ಚೂಪಾದ ಗೂನು ಏಳುತ್ತದೆ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಇದನ್ನು ವಿವರಿಸಿದರು, ಆದ್ದರಿಂದ ಪಾಟ್ ಕಾಯಿಲೆ ಎಂಬ ಹೆಸರು ಬಂತು. 1882ರಲ್ಲಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದರು. 1911ರಲ್ಲಿ ನ್ಯೂಯಾರ್ಕಿನ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ ಬೆನ್ನಿನ ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಕಟಿಸಿದರು. ಆಮೇಲೆ ಕ್ಷಯಕ್ಕೆ ಔಷಧಿ ಬಂತು. ಇಂದು ಬೇಗ ಪತ್ತೆಯಾದರೆ ಬಹಳಷ್ಟು ಮಕ್ಕಳು ಮಾತ್ರೆಗಳಿಂದಲೇ ಗುಣವಾಗುತ್ತಾರೆ, ಆ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಇನ್ನೊಂದು ಬಗೆ ಸ್ಕೋಲಿಯೋಸಿಸ್. ಇದರಲ್ಲಿ ಬೆನ್ನು ಪಕ್ಕಕ್ಕೆ ವಾಲುತ್ತದೆ, ಜೊತೆಗೆ ತಿರುಚಿಕೊಳ್ಳುತ್ತದೆ, ಒಂದು ಬದಿಯ ಪಕ್ಕೆಲುಬುಗಳು ಹಿಂದಕ್ಕೆ ಉಬ್ಬುತ್ತವೆ. ಸಾಮಾನ್ಯವಾಗಿ 10 ವರ್ಷದ ನಂತರ, ಮಕ್ಕಳು ಬೇಗ ಬೇಗ ಎತ್ತರವಾಗುವ ಕಾಲದಲ್ಲಿ ಇದು ಹೆಚ್ಚುತ್ತದೆ. ಹೆಣ್ಣುಮಕ್ಕಳಲ್ಲಿ ಹೆಚ್ಚು ಬಾಗುವ ಸಂಭವ ಜಾಸ್ತಿ. ನಮ್ಮ ಊರಿನ ಮಗುವಿನ ಕಥೆ ಇದೇ. ನಮ್ಮ ಬೀದಿಯ ಹುಡುಗಿ ಅವಳು, ಆಗ 13 ವರ್ಷ. ಬೆಟ್ಟದ ಕಡೆ ಆಡಲು ಹೋದರೆ ಎಲ್ಲರಿಗಿಂತ ಮೊದಲು ಏದುಸಿರು ಬಿಡುತ್ತಿದ್ದಳು. ಒಂದು ಭುಜ ಕೆಳಗಿದೆ ಎಂದರೆ ಶಾಲೆಯ ಚೀಲದ ಭಾರ ಎಂದು ಅವಳ ಅಜ್ಜಿ ಹೇಳುತ್ತಿದ್ದರು. ಬೋರ್‌ವೆಲ್ ನೀರು ಎಂದು ಇನ್ನೊಬ್ಬರು ಹೇಳಿದರು. ಆ ಮಾತಿಗೂ ಕಾರಣವಿದೆ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಅದು ಮೂಳೆಗೆ ಕೆಡುಕು. ಆದರೆ ಬಾಗಿದ ಎಲ್ಲಾ ಬೆನ್ನಿಗೂ ನೀರೇ ಕಾರಣವಲ್ಲ. ಚೀಲದ ಭಾರದಿಂದ ಸ್ಕೋಲಿಯೋಸಿಸ್ ಬರುವುದೂ ಇಲ್ಲ.

ಶಾಲೆಗೆ ಬಂದ ಆರೋಗ್ಯ ತಂಡದ ವೈದ್ಯರೊಬ್ಬರು ಅವಳನ್ನು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದಾಗ ವಿಷಯ ಗೊತ್ತಾಯಿತು. ಬೆಂಗಳೂರಿನ ಆಸ್ಪತ್ರೆಯ ಎಕ್ಸ್-ರೇಯಲ್ಲಿ ಬಾಗು 50 ಡಿಗ್ರಿ ದಾಟಿತ್ತು. ಅಷ್ಟು ಹೊತ್ತಿಗೆ ಬೆಲ್ಟ್ ಹಾಕುವ ಹಂತ ಮೀರಿತ್ತು. ಅವಳ ತಾಯಿ ಅಂದು ಸಂಜೆ ನಮ್ಮ ಮನೆಗೆ ಬಂದು ಕೇಳಿದ್ದು ಎರಡೇ ಪ್ರಶ್ನೆ: ಮಗು ಉಳಿಯುತ್ತದೆಯೇ, ನಾಳೆ ಇವಳ ಮದುವೆ ಆಗುತ್ತದೆಯೇ. ಮೊದಲನೆಯದಕ್ಕೆ ವೈದ್ಯರು ಧೈರ್ಯ ಹೇಳಿದ್ದರು. ಎರಡನೆಯದಕ್ಕೆ ಉತ್ತರ ಕೊಡಬೇಕಾದವರು ನಾವು, ಅಂದರೆ ಸಮಾಜ.

ಈ ಶಸ್ತ್ರಚಿಕಿತ್ಸೆಯ ಕಥೆಯೂ ಮಕ್ಕಳದ್ದೇ. ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಪೋಲಿಯೊದಿಂದ ಬೆನ್ನು ಬಾಗಿದ್ದ ಮಕ್ಕಳಿಗಾಗಿ ಪಾಲ್ ಹ್ಯಾರಿಂಗ್ಟನ್ ಎಂಬ ವೈದ್ಯರು ಲೋಹದ ಸರಳನ್ನು ಬಳಸಿದರು, 1962ರಲ್ಲಿ ಅದನ್ನು ಪ್ರಕಟಿಸಿದರು. ಇಂದು ಮಣಿಗಳಿಗೆ ಸ್ಕ್ರೂ ಹಾಕಿ, ಎರಡು ಸರಳುಗಳಿಗೆ ಜೋಡಿಸಿ, ಬಾಗನ್ನು ಸರಿಪಡಿಸುತ್ತಾರೆ. ನಡುವೆ ಮೂಳೆಯ ಚೂರುಗಳನ್ನು ಇಟ್ಟು ಮಣಿಗಳು ಬೆಸೆದುಕೊಳ್ಳುವಂತೆ ಮಾಡುತ್ತಾರೆ. ಬೆನ್ನುಹುರಿಗೆ ಪೆಟ್ಟಾಗದಂತೆ ನರಗಳ ಸಂಕೇತವನ್ನು ಯಂತ್ರದಲ್ಲಿ ನೋಡುತ್ತಲೇ ಇರುತ್ತಾರೆ. ಎದೆಮೂಳೆ ಒಳಕ್ಕೆ ಕುಸಿದು ಗುಳಿ ಬಿದ್ದ ಮಕ್ಕಳಿಗೂ ದಾರಿ ಇದೆ. ಡೊನಾಲ್ಡ್ ನಸ್ 1998ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಎದೆಮೂಳೆಯ ಹಿಂದೆ ಬಾಗಿದ ಲೋಹದ ಪಟ್ಟಿಯನ್ನು ಇಟ್ಟು ಅದನ್ನು ಮೇಲೆತ್ತುತ್ತಾರೆ, ಕೆಲವು ವರ್ಷಗಳ ನಂತರ ಪಟ್ಟಿಯನ್ನು ತೆಗೆಯುತ್ತಾರೆ. ಚಿಕಿತ್ಸೆ ಇಲ್ಲ ಎಂದು ಝಹ್ರಾವಿಯವರು ಪ್ರಾಮಾಣಿಕವಾಗಿ ಬರೆದ ಜಾಗದಿಂದ ವಿದ್ಯೆ ಇಷ್ಟು ದೂರ ಬಂದಿದೆ. ನಮ್ಮ ಹುಡುಗಿಗೆ ಶಸ್ತ್ರಚಿಕಿತ್ಸೆ ಆಯಿತು. ಕೆಲವು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು ಎಂದಿದ್ದರು. ಈಗ ಹೈಸ್ಕೂಲಿಗೆ ಹೋಗುತ್ತಿದ್ದಾಳೆ.

ಝಹ್ರಾವಿಯವರ ಕೊನೆಯ ದಿನಗಳು ನೆಮ್ಮದಿಯವಲ್ಲ. 11ನೇ ಶತಮಾನದ ಆರಂಭದಲ್ಲಿ ಅಂದಲುಸಿನಲ್ಲಿ ಅಂತರ್ಯುದ್ಧ ಶುರುವಾಯಿತು. ಮದೀನತುಝ್ಝಹ್ರಾ ಲೂಟಿಯಾಯಿತು, ಅವರಿಗೆ ಹೆಸರು ಕೊಟ್ಟ ಊರು ಪಾಳು ಬಿತ್ತು. ಖುರ್ತುಬಾ ಮುತ್ತಿಗೆಗೆ ಸಿಕ್ಕಿ 1013ರಲ್ಲಿ ಸೋತಿತು. ಅವರು ತೀರಿಕೊಂಡದ್ದೂ ಅದೇ ಸುಮಾರಿಗೆ. ಆ ರಾಜನಗರದ ಅವಶೇಷಗಳನ್ನು ಅಗೆಯಲು ಶುರುಮಾಡಿದ್ದು 1911ರಲ್ಲಿ.

ಅರಮನೆ ಮಣ್ಣಿನಲ್ಲಿ ಹೂತಿದ್ದ ಅಷ್ಟೂ ಕಾಲ ಪುಸ್ತಕ ಸಂಚಾರ ಮಾಡುತ್ತಿತ್ತು. 12ನೇ ಶತಮಾನದಲ್ಲಿ ಟೊಲೆಡೊ ನಗರದಲ್ಲಿ ಕ್ರೆಮೊನಾದ ಜೆರಾರ್ಡ್ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ತಂದರು. ಫ್ರಾನ್ಸಿನ ಗೀ ದ ಶೋಲಿಯಾಕ್ 1363ರಲ್ಲಿ ಬರೆದ ದೊಡ್ಡ ಗ್ರಂಥದಲ್ಲಿ ಅವರನ್ನು ಮತ್ತೆ ಮತ್ತೆ ನೆನೆದರು. ತುರ್ಕಿಯ ಅಮಾಸ್ಯಾದಲ್ಲಿ ಶರಫುದ್ದೀನ್ ಸಬುಂಜುಓಗ್ಲು 1465ರಲ್ಲಿ ಅದನ್ನು ಆಧರಿಸಿ ತುರ್ಕಿ ಭಾಷೆಯಲ್ಲಿ ಚಿತ್ರಸಹಿತ ಗ್ರಂಥ ಬರೆದರು. ನಮ್ಮ ದೇಶಕ್ಕೂ ಅದು ಬಂತು. ಪಾಟ್ನಾದ ಖುದಾ ಬಕ್ಷ್ ಗ್ರಂಥಾಲಯದಲ್ಲಿ ಉಪಕರಣಗಳ ಚಿತ್ರಗಳಿರುವ ಹಳೆಯ ಹಸ್ತಪ್ರತಿಯೊಂದಿದೆ. 1908ರಲ್ಲಿ ಲಕ್ನೋದಲ್ಲಿ ಶಸ್ತ್ರಚಿಕಿತ್ಸೆಯ ಭಾಗ ಅಚ್ಚಾಯಿತು.

ವಿದ್ಯಾರ್ಥಿಗಳಲ್ಲಿ ನನ್ನ ಒಂದು ಕೋರಿಕೆ ಇದೆ. ಮಗು ತಾನೇ ಸ್ನಾನ ಮಾಡಲು ಕಲಿತ ಮೇಲೆ ಅದರ ಬೆನ್ನನ್ನು ಮನೆಯಲ್ಲಿ ಯಾರೂ ನೋಡುವುದಿಲ್ಲ. ಸಮವಸ್ತ್ರ, ದುಪಟ್ಟಾ, ಬುರ್ಖಾ ಎಲ್ಲವೂ ಅದನ್ನು ಮರೆಮಾಡುತ್ತವೆ. ಬೆನ್ನು ಬಾಗುವುದೂ ಅದೇ ವಯಸ್ಸಿನಲ್ಲಿ. ಆದ್ದರಿಂದ ನಿಮ್ಮ ತಂಗಿ ತಮ್ಮಂದಿರನ್ನು ವರ್ಷಕ್ಕೆ ಎರಡು ಬಾರಿ ತಾಯಿಯೋ ಅಕ್ಕನೋ ಅಣ್ಣನೋ ನೋಡಲಿ. ಮಗು ಕಾಲು ಜೋಡಿಸಿ, ಅಂಗೈ ಜೋಡಿಸಿ, ಸೊಂಟದಿಂದ ಮುಂದಕ್ಕೆ ಬಗ್ಗಲಿ. ಹಿಂದಿನಿಂದ ನೋಡಿದಾಗ ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಿದೆಯೇ? ನಿಂತಾಗ ಭುಜಗಳು ಸಮವಿವೆಯೇ? ಒಂದು ಮಣಿ ಎದ್ದು ಕಾಣುತ್ತಿದೆಯೇ? ಜೊತೆಗೆ ಬೆನ್ನುನೋವು, ಸಂಜೆ ಜ್ವರ, ತೂಕ ಇಳಿಯುವುದು, ಕಾಲಿನಲ್ಲಿ ಶಕ್ತಿ ಕುಂದುವುದು ಇದ್ದರೆ ಒಂದು ದಿನವೂ ತಡಮಾಡಬೇಡಿ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಬರುತ್ತವೆ, ಅವರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆ ಇದೆ, ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಖರ್ಚಿನ ಚಿಂತೆ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಅಲ್ಲಿಯೇ ವಿಚಾರಿಸಿ.

ಝಹ್ರಾವಿಯವರ ಬಳಿ ಎಕ್ಸ್-ರೇ ಇರಲಿಲ್ಲ, ಅರಿವಳಿಕೆ ಇರಲಿಲ್ಲ, ಕ್ಷಯದ ಮಾತ್ರೆ ಇರಲಿಲ್ಲ. ಇದ್ದದ್ದು ಎರಡು ಕಣ್ಣು, ಎರಡು ಕೈ, ಮಗುವಿನ ಮೇಲೆ ಪ್ರೀತಿ. ಅವು ಮೂರೂ ನಮ್ಮ ಬಳಿಯೂ ಇವೆ. ನಿಮ್ಮಲ್ಲಿ ಯಾರಾದರೂ ಮುಂದೆ ವೈದ್ಯರಾದರೆ ಈ ಹೆಸರನ್ನು ನೆನಪಿಡಿ. ವೈದ್ಯರಾಗದಿದ್ದರೂ ಪರವಾಗಿಲ್ಲ, ಈ ಭಾನುವಾರ ಮನೆಯ ಮಕ್ಕಳ ಬೆನ್ನನ್ನು ಒಮ್ಮೆ ನೋಡಿಸಿ.